ನಾನೂರ ಹನ್ನೆರಡು ಗ್ರಾಂ

ಹಲ್ಲಿನ ಮೇಸ್ತ್ರಿಯ ಹತ್ತಿರ ಒಂದು ಸೈಕಲ್ ಇತ್ತು. ಸೈಕಲ್ ಅಂದರೆ ನಾವು ನೀವು ಹಾಲು ತರೋಕೆ ಹೋಗುವ ಸೈಕಲ್ ಅಂದುಕೊಳ್ಳಬೇಡಿ. ಗುಡ್ಡ ಹತ್ತುವುದಕ್ಕೆಂದೇ ಮಾಡಿದ್ದು, ಕೆಂಪು ಬಣ್ಣದ ಕಾರ್ಬನ್ ಫ್ರೇಮಿನದು, ಒಂದೇ ಕೈಯಲ್ಲಿ ಎತ್ತಿ ಹೆಗಲಿಗೇರಿಸಿಕೊಳ್ಳಬಹುದು. ಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳಿಗಿಂತ ಎರಡು ವರ್ಷ ಚಿಕ್ಕದು. ಮುದ್ದು ಮಾತ್ರ ಅದಕ್ಕೇ ಒಂದು ಕೈ ಜಾಸ್ತಿ ಅಂತ ಹೆಂಡತಿ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ಮೇಸ್ತ್ರಿ ಅಂದರೆ ಮನೆ ಕಟ್ಟುವವನೂ ಅಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ತನ್ನ ಸಣ್ಣ ಕೋಣೆಯಲ್ಲಿ ಕೂತು, ಅದಕ್ಕೆ ಹಳದಿ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಅದರ ಅಳತೆಗೆ ಹಲ್ಲಿನ ಸೆಟ್ ಕೂರಿಸುತ್ತಾನೆ. ಯಾರ ಬಾಯಿ, ಎಂಥ ಬಾಯಿ ಅಂತ ಇವನಿಗೆ ಗೊತ್ತೇ ಆಗುವುದಿಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸೆಟ್ ವಾಪಸ್ ಬರುತ್ತದೆ, ಜೊತೆಗೆ ಡಾಕ್ಟರ ಬೈಗುಳವೂ ಬರುತ್ತದೆ. ಹಾಗಾಗಿ ಮೇಜಿನ ಮೇಲೆ ಗ್ರಾಮಿನ ಹತ್ತನೇ ಒಂದು ಪಾಲನ್ನೂ ತೋರಿಸುವ ತೂಕದ ಯಂತ್ರ ಇತ್ತು.

ಆ ಯಂತ್ರವೇ ಅವನನ್ನು ಕೆಡಿಸಿತು ಅನ್ನಿ. ಸೈಕಲ್ಲಿನ ಒಂದೊಂದು ನಟ್ಟು, ಬೋಲ್ಟು ಬಿಚ್ಚಿ ತೂಗಿದ. ಭಾರದ್ದು ತೆಗೆದು ಹಗುರದ್ದು ಹಾಕಿದ. ಹ್ಯಾಂಡಲ್ಲಿನ ಎರಡೂ ತುದಿ ಒಂದೊಂದು ಬೆರಳಷ್ಟು ಕತ್ತರಿಸಿದ. ಕಂಪನಿಯ ಸ್ಟಿಕ್ಕರನ್ನು ಉಗುರಲ್ಲಿ ಕೆರೆದು ಕಿತ್ತು, ಅದನ್ನೂ ತೂಗಿದ, ಎರಡು ಗ್ರಾಂ. ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಬಂದಾಗ ಹತ್ತು ಕೆಜಿ ಮುನ್ನೂರು ಗ್ರಾಂ ಇದ್ದದ್ದು ಹನ್ನೊಂದು ವರ್ಷದಲ್ಲಿ ಒಂಬತ್ತು ಕೆಜಿ ನೂರ ನಲವತ್ತಕ್ಕೆ ಇಳಿದಿತ್ತು. ಅಷ್ಟರಲ್ಲಿ ಮೇಸ್ತ್ರಿ ಎಷ್ಟು ಕೆಜಿ ಏರಿದ್ದ ಅಂತ ಮಾತ್ರ ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮಗಳಿಗೆ ಎಂಟು ವರ್ಷವಿದ್ದಾಗ ಒಮ್ಮೆ ಹತ್ತಿರ ಬಂದು, "ಅಪ್ಪಾ, ಮುಟ್ಲಾ?" ಅಂದಿದ್ದಳು. "ಕೈ ಜಿಡ್ಡು ಕಣೇ, ಆಮೇಲೆ" ಅಂದ. ಅಷ್ಟರಲ್ಲೇ ಅವಳ ಬೆರಳು ಕೆಂಪು ಪೈಪಿನ ಮೇಲೆ ಇತ್ತು. ಅವಳು ನೋಡುತ್ತಿದ್ದ ಹಾಗೇ ಬಟ್ಟೆ ತಗೊಂಡು ಆ ನಾಲ್ಕು ಬೆರಳಿನ ಗುರುತನ್ನು ಒರೆಸಿಬಿಟ್ಟ. ಅವಳು ಇನ್ನೊಂದು ಸಲ ಕೇಳಲಿಲ್ಲ.

ಇಷ್ಟರ ಮಧ್ಯೆ ಬಂದ ನೋಡಿ, ಷಡ್ಡಕ. ಹೆಂಡತಿಯ ತಂಗಿಯ ಗಂಡ. ಲಿಫ್ಟ್ ರಿಪೇರಿ ಮಾಡುವವನು, ಸದಾ ಹಲ್ಲು ಕಿರಿಯುವವನು, ಎಲ್ಲಿ ಕೂತರೆ ಅದೇ ಅವನ ಮನೆ. "ಭಾವ, ನಿಮ್ಮದನ್ನ ನೋಡಿ ನೋಡಿ ನಂಗೂ ಆಸೆ ಆಯ್ತು" ಅಂತ ನಾಲ್ಕು ವರ್ಷದ ಹಿಂದೆ ಎಲ್ಲಿಂದಲೋ ಒಂದು ಹಳೇ ಸೈಕಲ್ ತಂದ. ನೋಡಿದರೆ ಅದೇ ಕಂಪನಿ, ಅದೇ ಮಾಡೆಲ್, ಅದೇ ವರ್ಷದ್ದು, ಅದೇ ಕೆಂಪು! ಮೈತುಂಬ ಗೀರು. ಬಂದ ವಾರವೇ ಅದಕ್ಕೆ ಸ್ಟ್ಯಾಂಡ್ ಹಾಕಿಸಿದ, ಬೆಲ್ ಹಾಕಿಸಿದ, ಮಡ್‌ಗಾರ್ಡ್ ಹಾಕಿಸಿದ. ಕಾರ್ಬನ್ ಸೈಕಲ್ಲಿಗೆ ಸ್ಟ್ಯಾಂಡ್! ಮೇಸ್ತ್ರಿ ಮುಖ ಆ ಕಡೆ ತಿರುಗಿಸಿದ.

"ಪ್ರತಿ ಭಾನುವಾರ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ತನಕ ಹೋಗೋಣ. ಯಾರು ಹಿಂದೆ ಬೀಳ್ತಾರೋ ಅವರು ಎರಡೂ ಸೈಕಲ್ ತೊಳೀಬೇಕು" ಅಂತ ಕಾನೂನು ಮಾಡಿದವನೂ ಮೇಸ್ತ್ರಿಯೇ. ಪಾಪ, ಷಡ್ಡಕನ ಕೈಲಿ ಜೀವಮಾನ ಪೂರ್ತಿ ತೊಳೆಸುವ ಲೆಕ್ಕಾಚಾರ ಅವನದು. ಮೊದಲ ಭಾನುವಾರ ಷಡ್ಡಕ ಗಂಟೆ ಬಾರಿಸುತ್ತ ಮುಂದೆ ಹೋದ. ಎರಡನೇ ಭಾನುವಾರವೂ ಹೋದ. ನಾಲ್ಕು ವರ್ಷವಾಯಿತು, ಹೋಗುತ್ತಲೇ ಇದ್ದಾನೆ. ಲಿಫ್ಟ್ ಕೆಟ್ಟ ಕಟ್ಟಡಗಳಲ್ಲಿ ದಿನಾ ಹತ್ತು ಹನ್ನೆರಡು ಮಹಡಿ ಹತ್ತಿ ಇಳಿಯುವ ಕಾಲು ಅವನವು. ಇವನದು ಸ್ಟೂಲಿನ ಮೇಲೆ ಕೂತ ಕಾಲು. ಇದೆಲ್ಲ ನಮಗೆ ನಿಮಗೆ ಹೊಳೆಯುತ್ತದೆ. ಮೇಸ್ತ್ರಿಗೆ ಹೊಳೆಯುತ್ತಿದ್ದದ್ದು ಒಂದೇ, ಅದೇ ಸೈಕಲ್ಲು, ಮೂರು ಕೆಜಿ ಜಾಸ್ತಿ ಭಾರ, ಆದರೂ ಅವನು ಮುಂದೆ. ಸೈಕಲ್ಲನ್ನು ದೂರುವ ಹಾಗೂ ಇಲ್ಲ. ಹೊಟ್ಟೆಕಿಚ್ಚಿಗೆ ಹೊರಗೆ ಹೋಗಲು ದಾರಿಯೇ ಸಿಗಲಿಲ್ಲ.

ಭಾನುವಾರ ಮೆಟ್ಟಿಲ ಕೆಳಗೆ ಬಕೆಟ್ ಇಟ್ಟುಕೊಂಡು ಕೂತರೆ ಮಗಳೂ ಬರುತ್ತಿದ್ದಳು. ಇವನ ಸೈಕಲ್ಲಿನ ಹತ್ತಿರಕ್ಕಲ್ಲ. ಚಿಕ್ಕಪ್ಪನದನ್ನು ಒರೆಸುವುದಕ್ಕೆ. ಅದರ ಮೇಲೆ ಬೆಕ್ಕು, ಮೀನು, ರಾಕೆಟ್ಟು ಅಂತ ಅವಳೇ ಅಂಟಿಸಿದ ಸ್ಟಿಕ್ಕರುಗಳು. ಯಾವ ಗೀರು ಯಾವ ಕಲ್ಲಿಗೆ ಬಿದ್ದದ್ದು ಅಂತ ಅವಳಿಗೆ ಬಾಯಿಪಾಠ. ಒಂದು ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ಚಿಕ್ಕಪ್ಪ ಇವತ್ತು ನಿನಗಿಂತ ಆರು ನಿಮಿಷ ಮುಂಚೆ" ಅಂದಳು. ಅಣಕಿಸಿದ್ದಲ್ಲ, ಸುಮ್ಮನೆ ಖುಷಿಗೆ ಹೇಳಿದ್ದು. ಅವಳ ಕಣ್ಣು ಹೊಳೆಯಿತು. ಆ ಹೊಳಪು ನೋಡಿ ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಏನ್ರೀ, ಮುಖ ಯಾಕೆ ಹಾಗೆ ಹುಳ್ಳಗೆ?" ಅಂದಳು ಹೆಂಡತಿ.

"ಏನಿಲ್ಲ. ಉಪ್ಪು ಜಾಸ್ತಿ."

"ಉಪ್ಪೇ ಹಾಕಿಲ್ಲ ಇವತ್ತು. ಮರೆತಿದ್ದೆ."

ಮಾರನೇ ದಿನ ಅವನು ಮಾಡಿದ ಕೆಲಸವನ್ನು ಹೇಳೋಕೆ ನನಗೇ ನಾಚಿಕೆ. ಹಲ್ಲಿನ ಕ್ಯಾಪುಗಳಿಗೆ ಎರಕ ಹೊಯ್ದು ಮಿಕ್ಕ ಲೋಹದ ಚೂರುಗಳನ್ನು ಒಟ್ಟುಮಾಡಿ, ಹಳದಿ ಪ್ಲಾಸ್ಟರಿಗೆ ಕಲಸಿ, ಒಂದು ಪೈಪಿಗೆ ತುಂಬಿ, ಮುಕ್ಕಾಲು ಗೇಣುದ್ದದ ಗಟ್ಟಿ ಮಾಡಿದ. ತೂಗಿದ, ನಾನೂರ ಹನ್ನೆರಡು ಗ್ರಾಂ. ಸದ್ದಾಗಬಾರದು ಅಂತ ಸುತ್ತ ಬಟ್ಟೆ ಸುತ್ತಿದ. ಭಾನುವಾರ ಸೋತು ಬಂದು, ತೊಳೆಯುವ ನೆಪದಲ್ಲಿ ಷಡ್ಡಕನ ಸೈಕಲ್ಲಿನ ಸೀಟು ಕಳಚಿ, ಸೀಟು ಕೂರುವ ಪೈಪಿನೊಳಗೆ ಗಟ್ಟಿಯನ್ನು ಇಳಿಬಿಟ್ಟ. ಸೀಟನ್ನು ಮೊದಲಿದ್ದ ಎತ್ತರಕ್ಕೇ ಕೂದಲೆಳೆ ತಪ್ಪದ ಹಾಗೆ ಕೂರಿಸಿದ. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಮುಂದಿನ ವಾರ ಷಡ್ಡಕ ಏದುಸಿರು ಬಿಟ್ಟ. "ಯಾಕೋ ವಯಸ್ಸಾಯ್ತು ಭಾವ" ಅಂದ. ಮೇಸ್ತ್ರಿಗೆ ಆ ಒಂದು ಮಾತು ಹೊಟ್ಟೆಗೆ ತಣ್ಣೀರು ಹೊಯ್ದಂತಾಯಿತು. ಅವತ್ತೂ ಇವನೇ ಹಿಂದೆ, ಆದರೆ ನಾಲ್ಕೇ ನಿಮಿಷ. ಆಮೇಲೆ ಒಂದು ತಿಂಗಳಲ್ಲಿ ಷಡ್ಡಕನ ಕಾಲು ಆ ಭಾರಕ್ಕೂ ಒಗ್ಗಿಹೋಯಿತು. ಮತ್ತೆ ಆರು ನಿಮಿಷ, ಆಮೇಲೆ ಏಳು! ಪ್ರತಿ ವಾರ ತೊಳೆಯುವಾಗ ಗಟ್ಟಿ ತೆಗೆದುಬಿಡಬಹುದಿತ್ತು. ಸೀಟಿನ ಮೇಲೆ ಕೈ ಇಡುತ್ತಿದ್ದ, ತೆಗೆಯುತ್ತಿರಲಿಲ್ಲ. ಹೀಗೇ ಎಂಟು ತಿಂಗಳು.

ಅಷ್ಟರಲ್ಲಿ ಮಗಳಿಗೆ ತಾನೂ ಗುಡ್ಡ ಹತ್ತಬೇಕು ಅನ್ನಿಸಿತು. ಕೇಳಿದ್ದು ಯಾರನ್ನು? ಚಿಕ್ಕಪ್ಪನನ್ನು. ಮನೆಯಲ್ಲೇ ಸೈಕಲ್ ಇಟ್ಟುಕೊಂಡಿರುವ ಅಪ್ಪನ ಹತ್ತಿರ ಒಂದು ಮಾತೂ ಇಲ್ಲ. ಭಾನುವಾರ ಬೆಳಿಗ್ಗೆ ಷಡ್ಡಕ ಬಂದವನೇ, "ಇವತ್ತು ನನ್ನ ಸೈಕಲ್ ಪುಟ್ಟಿಗೆ. ನಾನು ಹಿಂದೆ ನಡ್ಕೊಂಡ್ ಬರ್ತೀನಿ. ಮೊದಲನೇ ಸಲ ಅಲ್ವಾ ಭಾವ, ಅವಳ ಜೊತೆ ನೀವಿರಿ" ಅಂದ. ಅವಳ ಜೊತೆ ಹತ್ತುವುದು! ಮೇಸ್ತ್ರಿಯ ಮನಸ್ಸು ಅರಳಿತು. ಇವತ್ತೊಂದು ದಿನ ಅವಳ ಪಕ್ಕದಲ್ಲಿ ತಾನೇ ಇರುತ್ತೇನೆ ಅಂದುಕೊಂಡ. ಅಷ್ಟರಲ್ಲಿ ನೋಡಿದರೆ ಷಡ್ಡಕ ಸೀಟಿನ ಬೋಲ್ಟು ಸಡಿಲಿಸುತ್ತಿದ್ದ.

"ಸೀಟು ಇರಲಿ ಬಿಡೋ" ಅಂದ ಮೇಸ್ತ್ರಿ.

"ಕಾಲು ಎಟಕಲ್ಲ ಭಾವ ಅವಳಿಗೆ. ಒಂದು ಗೇಣು ಇಳಿಸ್ಬೇಕು."

ಸೀಟು ನಾಲ್ಕು ಬೆರಳು ಇಳಿದು ನಿಂತಿತು. ಷಡ್ಡಕ ಒತ್ತಿದ. ಕುಳಿತು ಒತ್ತಿದ. "ಏನೋ ಅಡ್ಡ ಇದೆಯಲ್ಲ!" ಅಂತ ಸೀಟನ್ನು ಪೂರ್ತಿ ಎಳೆದು ತೆಗೆದು, ಸೈಕಲ್ಲನ್ನು ತಲೆಕೆಳಗು ಮಾಡಿ ಎರಡು ಸಲ ಕುಲುಕಿದ. ಗಟ್ಟಿ ಜಾರಿ ಬಂದು ನೆಲದ ಮೇಲೆ ದೊಪ್ಪನೆ ಬಿತ್ತು. ಸುತ್ತಿದ ಬಟ್ಟೆ ಬಿಚ್ಚಿಕೊಂಡಿತು. ಒಳಗೆ ಹಳದಿ.

ಮಗಳು ಬಗ್ಗಿ ಅದನ್ನು ಎತ್ತಿಕೊಂಡಳು. ಆ ಹಳದಿಯನ್ನು ಅವಳಿಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ನಡೆಯಲು ಕಲಿತಾಗಿನಿಂದ ಅಪ್ಪನ ಕೋಣೆಯಲ್ಲಿ ಅದೇ ಪ್ಲಾಸ್ಟರಿನಲ್ಲಿ ಆನೆ, ಮೊಲ ಮಾಡಿದವಳು. ಗಟ್ಟಿಯನ್ನು ತಿರುಗಿಸಿ ನೋಡಿದಳು, ಅಪ್ಪನನ್ನು ನೋಡಿದಳು. ಬೈದಿದ್ದರೆ ಸಾಕಿತ್ತು ಅನ್ನಿಸಿತು ಅವನಿಗೆ.

ಷಡ್ಡಕ ಇಬ್ಬರ ಮುಖವನ್ನೂ ನೋಡಿ, ತಲೆ ಕೆರೆದುಕೊಂಡು, "ಹಳೇ ಓನರ್ ಹಾಕಿರ್ಬೇಕು ಬಿಡಿ. ಏನೇನು ಜನ ಇರ್ತಾರೋ" ಅಂದ. ಆ ದೊಡ್ಡ ಮನಸ್ಸು ಮೇಸ್ತ್ರಿಗೆ ಚೂರಿ ಹಾಕಿದ ಹಾಗಾಯಿತು. ಅದರಲ್ಲೂ ಅವನೇ ಮುಂದೆ!

ಸೀಟು ಇಳಿಯಿತು. ಮಗಳು ಹತ್ತಿ ಕೂತಳು. ಗಟ್ಟಿಯನ್ನು ಅಪ್ಪನ ಕೈಗೆ ಕೊಟ್ಟು, "ಅಪ್ಪಾ, ಚಿಕ್ಕಪ್ಪಂಗೆ ನಿನ್ನ ಸೈಕಲ್ ಕೊಡು" ಅಂದಳು.

"ಅಯ್ಯೋ ಬೇಡ ಕಣೇ ಪುಟ್ಟಿ, ನಾನು ನಡೀತೀನಿ—"

"ಅಪ್ಪ ನಡೀತಾನೆ" ಅಂದಳು ಅವಳು.

ಹನ್ನೊಂದು ವರ್ಷದಲ್ಲಿ ಬೇರೊಬ್ಬರು ಕೂರದ ಸೈಕಲ್ಲು. ಮೇಸ್ತ್ರಿ ತಾನೇ ಬಗ್ಗಿ, ಷಡ್ಡಕನ ಉದ್ದಕ್ಕೆ ಸೀಟನ್ನು ಎರಡು ಬೆರಳು ಏರಿಸಿ, ಬಿಗಿ ಮಾಡಿಕೊಟ್ಟ. ಷಡ್ಡಕ ಹತ್ತಿ ಎರಡು ಸುತ್ತು ತುಳಿದ. "ಭಾವಾ! ಇದೇನ್ ಭಾವ, ಗಾಳಿ ಮೇಲೆ ಕೂತ ಹಾಗಿದೆ! ಇಂಥದ್ದು ಇಟ್ಕೊಂಡೂ ನೀವು—" ಅಂದವನು ನಾಲಿಗೆ ಕಚ್ಚಿಕೊಂಡ. ಉಳಿದದ್ದು ಮೂವರಿಗೂ ಕೇಳಿಸಿತು.

ಅವರಿಬ್ಬರೂ ಹೋದರು. ಮೇಸ್ತ್ರಿ ಗಟ್ಟಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ನಡೆದ. ಹೆಜ್ಜೆ ಹೆಜ್ಜೆಗೂ ಅದು ತೊಡೆಗೆ ಹೊಡೆಯಿತು. ಮೇಲಿನ ತಿರುವಿನಿಂದ ಬೆಲ್ಲಿನ ಸದ್ದು, ಮಗಳ ನಗು, "ಪುಟ್ಟಿ, ಗೇರ್ ಇಳಿಸು! ಹಾಂ, ಹಾಗೆ!" ಅನ್ನುವ ಕೂಗು. ಆ ಮಾತು ತಾನು ಹೇಳಬೇಕಿತ್ತು. ನಾಚಿಕೆಯಾಗುತ್ತಿತ್ತು, ಅದರ ಜೊತೆಗೇ ಹೊಟ್ಟೆಯೂ ಉರಿಯುತ್ತಲೇ ಇತ್ತು. ಒಂದು ಬಂದರೆ ಇನ್ನೊಂದು ಹೋಗಬೇಕಲ್ಲ, ಹೋಗಲಿಲ್ಲ.

ಟ್ಯಾಂಕಿನ ನೆರಳಲ್ಲಿ ಷಡ್ಡಕ ಕಾಲು ಚಾಚಿ ಮಲಗಿದ್ದ. ಮಗಳು ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಮೇಸ್ತ್ರಿ ಅಷ್ಟು ದೂರ ನಿಂತು ಉಸಿರು ಸುಧಾರಿಸಿಕೊಂಡ. "ಹಳೇ ಓನರ್ ಅಲ್ಲ ಕಣೋ. ನಾನೇ ಹಾಕಿದ್ದು."

"ಗೊತ್ತಾಯ್ತು ಬಿಡಿ ಭಾವ."

"ಯಾಕಪ್ಪಾ ಹಾಕ್ದೆ?" ಕೇಳಿದ್ದು ಮಗಳು.

"ಹೊಟ್ಟೆಕಿಚ್ಚು" ಅಂದ ಮೇಸ್ತ್ರಿ. "ನೀನು ಅವನ ಸೈಕಲ್ ಒರೆಸ್ತಿದ್ದೆಯಲ್ಲ, ಅದಕ್ಕೆ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ನಿನ್ನದನ್ನ ಮುಟ್ಟೋಕೆ ಎಲ್ಲಿ ಬಿಡ್ತಿದ್ದೆ ನೀನು?" ಅಂದಳು.

ಇಳಿಯುವಾಗಲೂ ಅವನು ನಡೆದೇ ಬಂದ. ಮನೆ ತಲುಪಿದಾಗ ಬಕೆಟ್ಟಿನಲ್ಲಿ ನೀರು ತುಂಬಿತ್ತು, ಎರಡೂ ಸೈಕಲ್ಲು ಗೋಡೆಗೆ ಒರಗಿದ್ದವು. ಷಡ್ಡಕ ಮೇಲೆ ಹೆಂಡತಿಯ ಅಕ್ಕನ ಹತ್ತಿರ ಕಾಫಿ ಕೇಳುತ್ತಿದ್ದ. ಕಾನೂನು ಕಾನೂನೇ, ಎರಡೂ ತೊಳೆಯಬೇಕಾದವನು ಮೇಸ್ತ್ರಿ. ಷಡ್ಡಕನದನ್ನು ಮೊದಲು ತೊಳೆದ. ಮಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳ ಅಂಗೈ ತುಂಬ ಚೈನಿನ ಎಣ್ಣೆ. ಅವನು ತನ್ನ ಸೈಕಲ್ಲಿಗೆ ಕೈ ಹಾಕಿದಾಗ ಎದ್ದು ಬಂದಳು.

"ಮುಟ್ಲಾ?" ಅಂದಳು.

ಅವನು ಹೂಂ ಅಂದ. ಅವಳು ಕೈ ಒರೆಸಿಕೊಳ್ಳಲಿಲ್ಲ, ಬೇಕಂತಲೇ. ಕೆಂಪು ಪೈಪನ್ನು ಗಟ್ಟಿಯಾಗಿ ಹಿಡಿದಳು, ಬಿಟ್ಟಳು. ಐದು ಬೆರಳೂ ಕಪ್ಪಗೆ ಎದ್ದು ಕಂಡವು. ಮೇಸ್ತ್ರಿಯ ಕೈ ತಾನೇ ತಾನಾಗಿ ಬಟ್ಟೆಯ ಕಡೆ ಹೋಯಿತು. ಬಟ್ಟೆ ತಗೊಂಡ. ಮಗಳು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಬಟ್ಟೆಯನ್ನು ಬಕೆಟ್ಟಿನೊಳಗೆ ಹಾಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.