ಬಿಳಿ ಜೆರ್ಸಿಯ ತಂಡ

ರೆಫರಿ ಎರಡು ಜೆರ್ಸಿಗಳನ್ನು ಒಂದರ ಪಕ್ಕ ಒಂದು ಬಿಸಿಲಿಗೆ ಹಿಡಿದರು. ಒಂದು ಬಳ್ಳಾರಿಯ ಕಾಲೇಜಿನದು, ಇಟ್ಟಿಗೆ ಬಣ್ಣದ್ದು. ಇನ್ನೊಂದು ಹೊಸಪೇಟೆಯ ಹುಡುಗರದು. ಕೈಯಲ್ಲಿದ್ದ ಫಾರಂ ಮೇಲೆ ಮತ್ತೊಮ್ಮೆ ಕಣ್ಣಾಡಿಸಿದರು.

“ಇಲ್ಲಿ ಬಿಳಿ ಅಂತ ಬರದೀರಿ.”

“ಬಿಳೀನ ಅದಾವಲ್ರಿ ಸರ್,” ಎಂದ ಹೊಸಪೇಟೆ ಫುಟ್ಬಾಲ್ ತಂಡದ ನಾಯಕ ಹಾಲೇಶ್. ಹೇಳಿದ ಮೇಲೆ ತನ್ನ ಎದೆಯ ಕಡೆ ನೋಡಿಕೊಂಡ, ಆಮೇಲೆ ಎದುರು ತಂಡದ ಕಡೆ ನೋಡಿದ.

ಆಗಸ್ಟಿನಲ್ಲಿ ಕೊಟ್ಟಾಗ ಅವು ಬಿಳಿಯೇ. ಹೊಸಪೇಟೆ ಕಾಲೇಜಿನ ಮೈದಾನ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕಕ್ಕಿದೆ. ಅಲ್ಲಿ ಹುಲ್ಲಿಲ್ಲ. ಬಿದ್ದವನು ಎದ್ದರೆ ಸಂಡೂರಿನ ಕೆಂಪು ಗುಡ್ಡವೇ ಮೈಗೆ ಅಂಟಿರುತ್ತದೆ. ಅದೇ ಮಣ್ಣಿನಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಹುಡುಗರು ಇಳಿಯುತ್ತಿದ್ದರು. ಅದೇ ಜೆರ್ಸಿ ಹಾಕಿಕೊಂಡು ಏಳು ಪಂದ್ಯ ಆಡಿದ್ದರು. ಎರಡು ಡ್ರಾ, ಐದು ಗೆಲುವು. ಆ ಏಳೂ ತಂಡದವರು ನೀಲಿಯೋ ಹಸಿರೋ ತೊಟ್ಟಿದ್ದರಿಂದ ಯಾರಿಗೂ ಏನೂ ಕಂಡಿರಲಿಲ್ಲ. ವಾರವಾರಕ್ಕೂ ಬಟ್ಟೆ ಕೂದಲೆಳೆಯಷ್ಟು ಕೆಂಪಾಗುತ್ತಾ ಬಂದಿತ್ತು. ಇಡೀ ಕಾಲೇಜು ಅದನ್ನು ಬಿಳಿ ಎಂದೇ ಕರೆಯುತ್ತಿತ್ತು. ಇವತ್ತು ಫೈನಲ್, ಎದುರಿಗೆ ಇಟ್ಟಿಗೆ ಬಣ್ಣ.

“ಅರ್ಧ ತಾಸು ಕೊಡ್ತೀನಿ,” ಎಂದರು ರೆಫರಿ. “ಬ್ಯಾರೆ ಬಣ್ಣದ್ದು ತರ್ರಿ. ತೋಳಿರಬೇಕು, ಬೆನ್ನ ಮ್ಯಾಲ ನಂಬರ್ ಇರಬೇಕು. ಇಲ್ಲಾಂದ್ರ ಮ್ಯಾಚು ಅವರಿಗೆ ಹೋಗ್ತೈತಿ.”

ಬಳ್ಳಾರಿಯವರ ಬಳಿ ಇನ್ನೊಂದು ಜೊತೆ ಇರಲಿಲ್ಲ. ಹೊಸಪೇಟೆ ಕ್ರೀಡಾಂಗಣದಲ್ಲಿದ್ದ ಅಭ್ಯಾಸದ ಮೇಲಂಗಿಗಳು ಕೇಸರಿ. ದೂರದಿಂದ ಅವೂ ಇಟ್ಟಿಗೆಯೇ.

ಗೆರೆಯಾಚೆ ಖಾಲಿ ಚೀಲ ಹಿಡಿದು ನಿಂತಿದ್ದ ಶಾಂತಕ್ಕ ಗೆರೆ ದಾಟಿ ಬಂದಳು. ಅವಳು ಕಾಲೇಜಿನ ಕಸ ಗುಡಿಸುವವಳು. ಜೆರ್ಸಿ ಒಗೆಯುವುದು ಅವಳ ಕೆಲಸವಲ್ಲ. ಮೊದಲ ಪಂದ್ಯದ ಮರುದಿನ ಒದ್ದೆ ಬಟ್ಟೆ ಚೀಲದಲ್ಲಿ ನಾರುತ್ತಿದ್ದುದನ್ನು ಕಂಡು, “ಯವ್ವಾ, ಇದನ್ನ ಹಾಕ್ಕೊಂಡ್ರ ಬಾಲ್ ಕೂಡ ಹತ್ರ ಬರಾಂಗಿಲ್ಲ,” ಎಂದು ತುಂಗಭದ್ರಾ ಡ್ಯಾಂ ಹತ್ತಿರದ ತನ್ನ ಮನೆಗೆ ಒಯ್ದಿದ್ದಳು. ಅಂದಿನಿಂದ ಪ್ರತಿ ಭಾನುವಾರ ಕಾಲುವೆಯ ಕಲ್ಲಿನ ಮೇಲೆ ಬಾರ್ ಸೋಪು, ಬ್ರಷ್ಷು, ಕೊನೆಗೆ ಎರಡು ಹನಿ ನೀಲಿ. ಒಗೆದದ್ದನ್ನು ಒಣಹಾಕಿ ಅಕ್ಕಪಕ್ಕದವರಿಗೆ, “ನಮ್ಮ ಹುಡುಗ್ರವು, ನೋಡು ಹೆಂಗ ಬೆಳ್ಳಗ ಅದಾವು,” ಎನ್ನುತ್ತಿದ್ದಳು.

“ನನ್ನಿಂದ ಆತಲ್ರಿ ಸರ,” ಎಂದಳು ದೈಹಿಕ ಶಿಕ್ಷಣದ ಮೇಷ್ಟ್ರು ಮೂಕಣ್ಣನವರಿಗೆ. “ಹುಡುಗ್ರು ಆಡದನ ಸೋಲ್ತಾರ.”

“ನಿನ್ನಿಂದ ಅಲ್ಲವ್ವಾ, ಫಾರಂ ಬರದಾಂವ ನಾನು. ನನ್ನ ಕಣ್ಣಿಗೂ ಬೆಳ್ಳಗ ಕಂಡಾವು.” ಮೂಕಣ್ಣನವರು ಕಾಲೇಜು ದಿನಗಳಲ್ಲಿ ಖೋಖೋ ಆಡಿದವರು. ಫುಟ್ಬಾಲಿನ ನಿಯಮಗಳನ್ನು ಹುಡುಗರ ಜೊತೆಯೇ ಕಲಿತಿದ್ದರು. ಆದರೆ ಈ ಒಂದು ಪಾಠ ಎಲ್ಲಿಯೂ ಬಂದಿರಲಿಲ್ಲ.

ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ತೋಳಿನ ಬಿಳಿ ಬನೀನ್ ನಡೀತೈತೇನ್ರಿ? ಬಜಾರದಾಗ ಹದಿನಾರು ಸಿಕ್ಕೇ ಸಿಗ್ತಾವು.”

ಮೂಕಣ್ಣನವರು ರೆಫರಿಯ ಕಡೆ ನೋಡಿದರು. “ನಂಬರ್ ಇದ್ರ ನಡೀತೈತಿ,” ಎಂದರು ಅವರು. ಮೂಕಣ್ಣನವರ ಬೈಕು ಆಗಲೇ ಶುರುವಾಗಿತ್ತು.

ನಂಬರಿಗೆ ಏನು ಮಾಡುವುದೆಂದು ಎಲ್ಲರೂ ನಿಂತಿದ್ದಾಗ ಎಡಗಡೆ ಆಡುವ ಮುರುಗೇಶ್ ಫೋನ್ ತೆಗೆದ. ಅವನಪ್ಪ ತೋಟಪ್ಪನವರದು ಊರ ಹೊರಗೆ ಅಕ್ಕಿ ಗಿರಣಿ. “ಹನುಮಣ್ಣಾ, ಚೀಲಕ್ಕ ನಂಬರ್ ಹಾಕೋ ತಗಡು, ಮಸಿ ಡಬ್ಬಿ ತಗೊಂಡು ಸ್ಟೇಡಿಯಂಗೆ ಬಾ. ಜಲ್ದಿ. ಅಪ್ಪಗ ನಾ ಹೇಳ್ತೀನಿ.”

ಹನುಮಣ್ಣ ಆ ಗಿರಣಿಯಲ್ಲಿ ಇಪ್ಪತ್ತು ವರ್ಷದಿಂದ ಗೋಣಿಚೀಲಗಳಿಗೆ ಅಂಕಿ ಹೊಡೆಯುತ್ತಿದ್ದವನು. ಮೊಪೆಡ್ ನಿಲ್ಲಿಸಿ, ಹೊಸ ಬನಿಯನ್ ತೊಟ್ಟು ನಿಂತ ಹುಡುಗರನ್ನು ಒಮ್ಮೆ ಅಳೆದು ನೋಡಿದ.

“ಸಾಲಾಗಿ ಬಗ್ರಿ. ಬೆನ್ನು ಗಟ್ಟಿ ಮಾಡ್ರಿ.”

ಅಂಕಿ ಕೊರೆದ ತಗಡನ್ನು ಒತ್ತಿ, ಮಸಿ ಬ್ರಷ್ಷಿನಿಂದ ಕುಟ್ಟತೊಡಗಿದ. ತಣ್ಣನೆಯ ಮಸಿ ತಾಗಿ ಹಾಲೇಶ್ ನಕ್ಕ.

“ನಗಬ್ಯಾಡಲೇ, ನಂಬರ್ ಸೊಟ್ಟ ಆಗ್ತೈತಿ. ಚೀಲ ಎಂದೂ ನಗಾಂಗಿಲ್ಲ ನೋಡು.”

“ಎಷ್ಟು ಕೇಜಿ ಅಂತ ಬರೀತಿ ನಂಗ?” ಎಂದ ಬಗ್ಗಿದಲ್ಲಿಂದಲೇ ಮುರುಗೇಶ್.

“ನಿಂಗ ನುಚ್ಚಕ್ಕಿ ಅಂತ ಬರೀತೀನಿ, ಸುಮ್ಕಿರು.”

ಕೊನೆಯ ಬೆನ್ನಿಗೆ ಹದಿನಾರು ಹೊಡೆದಾಗ ರೆಫರಿ ಗಡಿಯಾರ ನೋಡುತ್ತಿದ್ದರು. ಎರಡು ನಿಮಿಷ ಉಳಿದಿತ್ತು.

ಅಕ್ಕಿ ಮೂಟೆಗಳ ಅಂಕಿ ಹೊತ್ತ ಬನಿಯನ್ ತಂಡ ಮೈದಾನಕ್ಕಿಳಿದಾಗ ಬಳ್ಳಾರಿಯ ಹುಡುಗರು ಮುಖ ಮರೆಸಿ ನಕ್ಕರು. ಹನ್ನೆರಡನೆಯ ನಿಮಿಷದಲ್ಲಿ ಮುರುಗೇಶ್ ಎಡದಿಂದ ಕೊಟ್ಟ ಚೆಂಡನ್ನು ಹಾಲೇಶ್ ಒಳಗೆ ತಳ್ಳಿದ ಮೇಲೆ ಅವರು ನಗಲಿಲ್ಲ. ಉಳಿದ ಹೊತ್ತೆಲ್ಲ ಬಳ್ಳಾರಿಯವರದೇ ದಾಳಿ. ಕಲ್ಲು ಮಣ್ಣಿನಲ್ಲಿ ಬೀಳಲು ಕಲಿತ ಹುಡುಗರಿಗೆ ಇಲ್ಲಿಯ ಹುಲ್ಲು ಹಾಸಿಗೆಯಂತಿತ್ತು. ಚೆಂಡಿನೆದುರು ಮೈ ಒಡ್ಡಿ ಬಿದ್ದರು, ಎದ್ದರು, ಮತ್ತೆ ಬಿದ್ದರು. ಗೋಲ್ ಕಾಯುವ ಪರಶುರಾಮ್ ಒಂದು ಸಲ ಮುಖದಿಂದಲೇ ಚೆಂಡು ತಡೆದ. ಶಾಂತಕ್ಕ ಗೆರೆಯ ಬಳಿ ಕುಂತವಳು ಮೇಲೇಳಲೇ ಇಲ್ಲ. ಮಡಿಲಲ್ಲಿ ಹಳೆಯ ಜೆರ್ಸಿಗಳಿದ್ದವು. ಆ ಒಂದೇ ಗೋಲಿನಿಂದ ಗೆದ್ದು ಕೊನೆಯ ಸೀಟಿ ಕೇಳಿದಾಗಲೂ ಅವುಗಳನ್ನು ಬಿಗಿಯಾಗಿ ಹಿಡಿದೇ ಇದ್ದಳು.

ಸಂಜೆ ಕಾಲೇಜಿನ ನೀರಿನ ತೊಟ್ಟಿಯ ಹತ್ತಿರ ಪ್ರಾಂಶುಪಾಲರು ಬಂದು ಹೊಸ ಜೆರ್ಸಿ ಕೊಡಿಸುವುದಾಗಿ ಹೇಳಿದರು. “ಯಾವ ಬಣ್ಣ ಬೇಕ್ರಪಾ?”

“ಕೆಂಪು ಕೊಡಿಸ್ರಿ ಸರ್,” ಎಂದ ಹಾಲೇಶ್. “ಅಕ್ಕನ ಸೋಪಾದ್ರೂ ಉಳೀತೈತಿ.”

ಎಲ್ಲರೂ ನಕ್ಕರು. ಶಾಂತಕ್ಕನೂ ನಕ್ಕಳು, ಆದರೆ ಹಳೆಯ ಜೆರ್ಸಿಗಳನ್ನು ಬಕೆಟ್ಟಿಗೆ ಹಾಕಿದಳು. “ಇವನ್ನ ಇನ್ನೊಂದು ಸಲ ನೆನಸ್ತೀನಿ. ಕೆಂಪು ಬಿಟ್ಟೀತು.”

ಹಾಲೇಶ್ ಬಕೆಟ್ಟಿಗೆ ಕೈ ಹಾಕಿ ಅವನ್ನು ಒಂದೊಂದಾಗಿ ತೆಗೆದು ಹಿಂಡಿದ. “ಬಿಡೋದು ಬ್ಯಾಡಕ್ಕ. ಇರಲಿ ಹಂಗ.”

ಅವಳು ಅವನ ಮುಖ ನೋಡಿದಳು. ಕೈಯಲ್ಲಿದ್ದ ಸೋಪು ಕೊಟ್ಟಳು. “ಮೊದ್ಲು ಜಳಕ ಮಾಡ್ರಿ. ಮಸಿ ಬನೀನ್ ದಾಟಿ ಬೆನ್ನಿಗೆ ಇಳದೈತಿ. ಗಸಗಸ ತಿಕ್ರಿ, ಮನ್ಯಾಗ ಬೈತಾರ.”

ಹುಡುಗರು ತೊಟ್ಟಿಯ ಸುತ್ತ ನಿಂತು ತಂಬಿಗೆಯಿಂದ ನೀರು ಸುರಿದುಕೊಂಡರು. ಸೋಪು ಕೈಯಿಂದ ಕೈಗೆ ಹೋಯಿತು. ತಲೆ, ಮುಖ, ಮೊಣಕಾಲು ಎಲ್ಲ ತಿಕ್ಕಿದರು, ಬೆನ್ನೊಂದನ್ನು ಬಿಟ್ಟು. ಸೋಪು ಎಲ್ಲರನ್ನೂ ಸುತ್ತಿ ಶಾಂತಕ್ಕನ ಕೈಗೆ ಮರಳಿ ಬಂತು. ಅಷ್ಟು ಹೊತ್ತಿಗೆ ಬಿಸಿಲು ಇಳಿದಿತ್ತು. ಒದ್ದೆ ಬೆನ್ನುಗಳ ಮೇಲೆ ಒಂಬತ್ತು, ಏಳು, ಹನ್ನೊಂದು, ನಾಲ್ಕು, ಹಾಗೆಯೇ ಕಪ್ಪಗೆ ನಿಂತಿದ್ದವು.