ಒಲೆಯ ಮೇಲಿನ ಕಂಪ್ಯೂಟರ್

ಸರಕಾರಕ್ಕೆ ಕಂಪ್ಯೂಟರ್ ಆರಿಸಲು ಗೊತ್ತಿತ್ತು, ಮಳೆಗಾಲ ಗೊತ್ತಿರಲಿಲ್ಲ. ೧೯೮೬ರ ಜೂನ್‌ನಲ್ಲಿ ಶಿರ್ತಾಡಿಯ ಆಚೆಯ ಹೈಸ್ಕೂಲಿಗೆ ಅದು ಬಂದಿಳಿದ ದಿನವೇ ಮಾಡಿನ ಹಂಚು ಸೋರುತ್ತಿತ್ತು. ಹೆಡ್‌ಮಾಸ್ಟರರು ಪೆಟ್ಟಿಗೆಗೆ ಒಂದು ಸುತ್ತು ಬಂದು, "ಶೆಟ್ರೇ, ಮಂಗಳೂರಿನಲ್ಲಿ ತರಬೇತಿ ಆದದ್ದು ನಿಮಗೆ. ಹಾಳಾದರೆ ನನ್ನನ್ನು ಕೇಳಬೇಡಿ," ಎಂದು ಕೈತೊಳೆದುಕೊಂಡರು.

ಗಣಿತದ ಮೇಷ್ಟ್ರು ಅಣ್ಣು ಶೆಟ್ಟರು ಅದನ್ನು ಜೀಪಿನಲ್ಲಿ ಮನೆಗೆ ಒಯ್ದರು. ತೇವ ತಾಗಬಾರದ ವಸ್ತುವಿಗೆ ಅವರ ಸೀಮೆಯಲ್ಲಿರುವುದು ಒಂದೇ ಜಾಗ, ಅಡುಗೆಮನೆಯ ಒಲೆಯ ಮೇಲಿನ ಅಟ್ಟ. ಬೀಜದ ಭತ್ತ, ಕಾಳುಮೆಣಸು, ಹುಣಸೆಹುಳಿ ಎಲ್ಲ ಮಳೆಗಾಲ ಕಳೆಯುವುದು ಅಲ್ಲೇ. ತಾಯಿ ಕಾವೇರಮ್ಮ ಮೆಣಸಿನ ಮೂಟೆ ಸರಿಸಿ ಜಾಗ ಮಾಡಿಕೊಟ್ಟರು.

"ಹೊಗೆ ತಾಗ್ತಾ ಇದ್ದರೆ ಯಾವುದಕ್ಕೂ ಬೂಷ್ಟು ಹಿಡಿಯುವುದಿಲ್ಲ ಮಗಾ," ಎಂದರು.

ತರಬೇತಿಯಲ್ಲಿ ನೀರು, ಧೂಳು, ಇಲಿಗಳ ಬಗ್ಗೆ ಎಚ್ಚರಿಸಿದ್ದರು. ಹೊಗೆಯ ಬಗ್ಗೆ ಯಾರೂ ಬಾಯಿಬಿಟ್ಟಿರಲಿಲ್ಲ. ಶೆಟ್ಟರು ನೆಮ್ಮದಿಯಿಂದ ಗಂಜಿ ಉಂಡರು.

ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಪಾಠ ಶಾಲೆಯ ಬೋರ್ಡಿನ ಮೇಲೆ ನಡೆಯಿತು. ಹೆಚ್ಚಿನ ಮಕ್ಕಳು ಆಕಳಿಸಿದರು. ಹತ್ತನೆಯ ತರಗತಿಯ ಸಾಲಿಹಾ ಮಾತ್ರ ಬೆನ್ನು ಬಿಡಲಿಲ್ಲ.

"ಸರ್, ನಾವು ಹೇಳಿದ್ದನ್ನು ಅದು ಮಾಡಿಯೇ ಮಾಡ್ತದಾ?"

"ಮಾಡ್ತದೆ. ಯಾಕೆ ಅಂತ ಕೇಳುವುದಿಲ್ಲ."

"ನನ್ನ ಹೆಸರು ಬರಿ, ಪುನಃ ಬರಿ ಅಂದರೆ?"

"ನೀನು ನಿಲ್ಲು ಅನ್ನುವವರೆಗೆ ಬರೀತಾ ಇರ್ತದೆ."

ಮರುದಿನ ಅವಳು ಎರಡೇ ಸಾಲಿನ ಪ್ರೋಗ್ರಾಂ ಬರೆದು ತಂದಳು. ಆ ವರ್ಷ ದಾಟಿದರೆ ಅವಳು ಸೇರಬಹುದಾದ ಯಾವ ಕಾಲೇಜಿನಲ್ಲೂ ಕಂಪ್ಯೂಟರ್ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. "ದಸರಾ ರಜೆ ಮುಗಿಯಲಿ, ಮೊದಲ ಕೈ ನಿನ್ನದೇ," ಎಂದು ಶೆಟ್ಟರು ಮಾತು ಕೊಟ್ಟರು.

ರಜೆ ಮುಗಿದು ಯಂತ್ರ ಅಟ್ಟದಿಂದ ಇಳಿಯಿತು. ಬೂಷ್ಟು ಒಂದು ಚುಕ್ಕಿಯೂ ಇರಲಿಲ್ಲ, ಕಾವೇರಮ್ಮನ ಮಾತು ನಿಜ. ಆದರೆ ಸಂದುಸಂದಿಗೂ ಹೊಗೆಯ ಜಿಡ್ಡು ಇಳಿದಿತ್ತು. ತರಗತಿಯಲ್ಲಿ ಸ್ವಿಚ್ ಹಾಕಿದರೆ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಸಾಲಿಹಾ ಒತ್ತಿದ ಮೊದಲ ಕೀ ಒಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಕೋಣೆಯಲ್ಲೆಲ್ಲ ಕಾಳುಮೆಣಸಿನ ಘಾಟು ಹರಡಿತು. ಹಿಂದಿನ ಬೆಂಚಿನಲ್ಲಿ ಯಾರೋ ಸೀನಿದರು, ಎಲ್ಲರೂ ನಕ್ಕರು. ಸಾಲಿಹಾ ನಗಲಿಲ್ಲ.

ಶೆಟ್ಟರಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಇಷ್ಟು ನಾಚಿಕೆ ಆದದ್ದಿಲ್ಲ.

"ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕು. ಈ ವರ್ಷ ಆಗ್ಲಿಕ್ಕಿಲ್ಲ," ಎಂದರು. "ತಪ್ಪು ನನ್ನದು."

ಸಾಲಿಹಾ ಎರಡು ಸಾಲಿನ ಚೀಟಿ ಮುಂದೆ ಚಾಚಿದಳು. "ಹಾಗಾದರೆ ನೀವೇ ಮಾಡಿ ಸರ್."

ನಗು ನಿಂತಿತು. ಶೆಟ್ಟರು ಚೀಟಿ ಓದಿ, ಬೋರ್ಡು ಒರೆಸಿ, ಅವಳ ಹೆಸರು ಬರೆದರು. ಎರಡನೆಯ ಸಾಲು ಮೊದಲನೆಯದಕ್ಕೆ ಹೋಗು ಎನ್ನುತ್ತಿತ್ತು. ಹೋದರು. ಇಂಪೊಸಿಷನ್ ಬರೆಯುವ ಹುಡುಗನ ಹಾಗೆ ಒಂದರ ಕೆಳಗೊಂದು ಬರೆದರು, ಯಾಕೆ ಅಂತ ಕೇಳಲಿಲ್ಲ. ಬೋರ್ಡು ತುಂಬಿದಾಗ ಮೇಲಿನಿಂದ ಒರೆಸಿ ಮುಂದುವರಿಸಿದರು. ಬೆಲ್ಲು ಹೊಡೆಯಿತು, ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಹೋದರು.

ಶೆಟ್ಟರು ತಿರುಗಿ ನೋಡಿದರು. ಸಾಲಿಹಾ ಕೈಕಟ್ಟಿ ಕುಳಿತೇ ಇದ್ದಳು, ನಿಲ್ಲು ಅನ್ನಲಿಲ್ಲ. ಅವರು ಇನ್ನೊಂದು ಸೀಮೆಸುಣ್ಣ ತೆಗೆದುಕೊಂಡರು.