ಚೀಟಿಯಲ್ಲಿ ಬಂದ ಅಧ್ಯಕ್ಷರು

ಸಂಘಮಿತ್ರ ಬರೆದದ್ದನ್ನು ಓದಿ ಮೊದಲು ಬೈಯುತ್ತಿದ್ದವರು ಅವಳ ಅಪ್ಪ. ಮಿಕ್ಕವರ ಸರದಿ ಆಮೇಲೆ.

ಅವಳು ಇಪ್ಪತ್ತು ವರ್ಷ ಮೈಸೂರಿನ ಒಂದು ದಿನಪತ್ರಿಕೆಯಲ್ಲಿದ್ದಳು. ‘ನಗರದಲ್ಲಿ ಇಂದು’ ಅಂಕಣಕ್ಕೆ ಸಭೆ ಸಮಾರಂಭಗಳ ಪಟ್ಟಿ ಮಾಡುವುದರಿಂದ ಶುರುವಾಗಿ ನಾಲ್ಕು ವಿಧಾನಸಭಾ ಚುನಾವಣೆಗಳವರೆಗೆ ಬೆಳೆದಳು. ನಾಲ್ಕನೆಯದರ ಹೊತ್ತಿಗೆ ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಅವನ ಭಾಷಣವನ್ನು ಬರೆದಿಡಬಹುದು ಎಂಬ ಧೈರ್ಯ ಬಂದುಬಿಟ್ಟಿತು. ಒಂದು ಸಂಜೆ ಹಾಗೇ ಬರೆದೂ ಕಳಿಸಿದಳು. ಮಳೆ ಬಂದು ಸಭೆ ರದ್ದಾಯಿತು, ವರದಿ ಮಾತ್ರ ಅಚ್ಚಾಯಿತು. ಸಂಪಾದಕರು ಕರೆದು ಬೈದರು. ಅಭ್ಯರ್ಥಿಯೋ, ಫೋನ್ ಮಾಡಿ, “ನನ್ನ ಮಾತು ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ ಮೇಡಂ” ಎಂದು ವಂದನೆ ಹೇಳಿದರು. ಆ ವಂದನೆಯ ನಂತರ ಅವಳು ಅಲ್ಲಿ ಹೆಚ್ಚು ದಿನ ಇರಲಿಲ್ಲ.

ಕೆಲಸ ಬಿಟ್ಟವಳು ‘ಪಕ್ಕದ ಬೀದಿ’ ಎಂಬ ಬ್ಲಾಗ್ ತೆರೆದಳು. ಎರಡು ಸಾವಿರ ಚಿಲ್ಲರೆ ಓದುಗರು, ಅದರಲ್ಲಿ ಅರ್ಧದಷ್ಟು ಜಗಳಕ್ಕೆಂದೇ ಬರುವವರು. ಮಂತ್ರಿಗಳು ಕಚೇರಿಗೆ ಸಿಟಿ ಬಸ್ಸಿನಲ್ಲಿ ಬರಬೇಕು ಎಂದು ಬರೆದಳು. ಒಮ್ಮೆ ಗೆದ್ದವರು ಮತ್ತೆ ತಮ್ಮ ಹಳೆಯ ಕಸುಬಿಗೆ ಹೋಗಬೇಕು ಎಂದು ಬರೆದಳು. ಎಡದವರು ಅವಳನ್ನು ಬಲದವಳೆಂದರು, ಬಲದವರು ಎಡದವಳೆಂದರು. ಆಯುಧಪೂಜೆಯ ದಿನ ಮಾತ್ರ ಎರಡೂ ಕಡೆಯಿಂದ ಸಿಹಿ ಪೊಟ್ಟಣ ಬರುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಅವಳು ಬರೆದದ್ದು ಇದು: ಚುನಾವಣೆಯೇ ಬೇಡ. ವಾರ್ಡಿನ ಎಲ್ಲರ ಹೆಸರನ್ನೂ ಒಂದು ಡಬ್ಬಕ್ಕೆ ಹಾಕಿ, ಒಂದು ಚೀಟಿ ಎತ್ತಿ. ಬಂದವರು ಎರಡು ವರ್ಷ ಕೆಲಸ ಮಾಡಿ ಮನೆಗೆ ಹೋಗಲಿ.

ಅಪ್ಪ ಮಂಟಯ್ಯನವರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ, ಕರಡು ತಿದ್ದಿದವರು. ಬರೆಯುವಾಗ ಒಂದು ಅಲ್ಪವಿರಾಮವೂ ತಪ್ಪದು. ಮಾತಾಡುವಾಗ ಮಾತ್ರ ಹುಟ್ಟಿ ಬೆಳೆದ ಕೇರಿಯ ಮಾತು.

“ಓಟು ಅಂದ್ರೆ ಏನು ಅಂತ ತಿಳ್ಕಂಡಿದ್ದೀಯವ್ವಾ? ನಮ್ಮಪ್ಪ ಮೊದಲ್ನೇ ಸಲ ಓಟಾಕಕ್ಕೋಗುವಾಗ ಒಸ ಪಂಚೆ ಉಟ್ಕಂಡಿದ್ದ. ಆವತ್ತು ಊರ್ ಯಜಮಾನ್ರೂ ಅದೇ ಸಾಲು, ನಮ್ಮಪ್ಪನೂ ಅದೇ ಸಾಲು. ಅದನ್ನ ತಗಂಡೋಗಿ ಡಬ್ಬದ್ ಚೀಟಿ ಮಾಡ್ಬುಟ್ಟಲ್ಲ.”

“ಸಾಲಲ್ಲಿ ನಿಂತ್ರು, ಸರಿ ಅಪ್ಪ. ಗೆದ್ದೋರು ಯಾರು? ಯಜಮಾನ್ರೇ ತಾನೇ? ಡಬ್ಬದಲ್ಲಾದ್ರೆ ತಾತನ ಚೀಟೀನೂ ಯಜಮಾನ್ರ ಚೀಟೀನೂ ಒಂದೇ ಅಳತೆ.”

“ಇಬ್ರೂ ದೋಸೆ ಬಿಸಿ ಇರೋವಾಗ ತಿನ್ನಿ” ಎಂದು ಅಮ್ಮ ಪುಟ್ಟಲಿಂಗಮ್ಮ ಒಳಗಿನಿಂದ ಕೂಗಿದರು. “ಸರ್ಕಾರ ಸಂಜೆ ಬೀಳ್ಸೀರಂತೆ.”

ಜಗಳ ಮನೆಯಲ್ಲೇ ಮುಗಿಯುತ್ತಿತ್ತೋ ಏನೋ. ಆದರೆ ಹೂಟಗಳ್ಳಿಯಾಚೆಗಿನ ಅವರ ನೇಸರ ಬಡಾವಣೆಗೆ ಒಂದು ನಿವಾಸಿಗಳ ಸಂಘವಿತ್ತು, ಆ ಸಂಘಕ್ಕೆ ಎಂಟು ವರ್ಷಗಳಿಂದ ಮಂಟಯ್ಯನವರೇ ಅವಿರೋಧ ಅಧ್ಯಕ್ಷರಾಗಿದ್ದರು. ಜೂನ್ ಒಂದು, ಭಾನುವಾರ, ವಾರ್ಷಿಕ ಸಭೆ. ಖಜಾಂಚಿ ಲಕ್ಷ್ಮೀನರಸಿಂಹ ತಮಾಷೆಗೆ, “ಸರ್, ನಿಮ್ ಮಗಳೇ ಬರ್ದವ್ರಲ್ಲ. ಈ ಸಲ ನಾವೂ ಚೀಟಿ ಎತ್ತೋಣ್ವಾ?” ಎಂದುಬಿಟ್ಟರು. ಎಲ್ಲರೂ ನಕ್ಕರು. ಮಂಟಯ್ಯನವರು ನಗಲಿಲ್ಲ. ಎದ್ದು ನಿಂತು, “ಎತ್ರಿ” ಎಂದರು.

ಎತ್ತಿಯೇ ಬಿಟ್ಟರು. ಅರವತ್ತೆರಡು ಮನೆ, ಅರವತ್ತೆರಡು ಚೀಟಿ. ಬಂದ ಹೆಸರು ಕೊನೇ ಮನೆಯ ಏಕಾಂತಯ್ಯನವರದು.

ಎಲ್ಲರೂ ಹಿಂದಿನ ಸಾಲಿನ ಕಡೆ ತಿರುಗಿ ನೋಡಿದರು. ಏಕಾಂತಯ್ಯನವರು ಕಡಕೊಳದ ಒಂದು ಕಾರ್ಖಾನೆಯಲ್ಲಿ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ಅವರು ಹೇಳಿದ್ದೆಲ್ಲ ಬರೀ ಅಂಕಿಗಳು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೈಯಲ್ಲಿ ಬಟ್ಟೆಚೀಲ. ಎದುರು ಸಿಕ್ಕಿದರೆ ಒಂದು ನಗು, ಅಷ್ಟೆ. ಈಗಲೂ ಎದ್ದು ನಿಂತು ಕೈಮುಗಿದು ಕೂತರು. ಅಧ್ಯಕ್ಷರ ಸ್ವೀಕಾರ ಭಾಷಣ ಅಲ್ಲಿಗೆ ಮುಗಿಯಿತು.

ಮಂಟಯ್ಯನವರು ಎಲ್ಲರ ಮುಂದೆಯೇ ಮಗಳ ಕಡೆ ತಿರುಗಿದರು. “ಪಾರ್ಕಿನ ಗೇಟು ನಾಲ್ಕು ವರ್ಷದಿಂದ ಬೀಗ ಆಕ್ಕಂಡ್ ಕೂತದೆ. ನಿನ್ ಅಧ್ಯಕ್ಷರು ಮೂರು ತಿಂಗ್ಳಲ್ಲಿ ತೆಗಸ್ಲಿ. ತೆಗಸಿದ್ರೆ ನಾನಿನ್ನು ಚುನಾವಣೆಗೆ ನಿಲ್ಲಕಿಲ್ಲ. ಇಲ್ದಿದ್ರೆ?”

“ಇಲ್ದಿದ್ರೆ ‘ನಾನು ಸೋತೆ’ ಅಂತ ಬ್ಲಾಗಲ್ಲಿ ಬರೀತೀನಿ. ಚೀಟಿ ಮಾತು ಮತ್ತೆ ಎತ್ತಲ್ಲ” ಎಂದಳು ಸಂಘಮಿತ್ರ. ಹೇಳುವಾಗ ಸುಲಭವಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಬೆರಳು ಮಡಿಸಿ ತಿಂಗಳು ಎಣಿಸಿದಳು. ಚೀಟಿಯ ಆ ಮಾತಿಗೆ ಬಂದು ಮುಟ್ಟಲು ಅವಳು ಆರು ವರ್ಷ ಓದಿ, ಬರೆದು, ಬೈಸಿಕೊಂಡಿದ್ದಳು.

ಪಾರ್ಕಿನ ಕತೆ ಹೀಗೆ. ಗಿಡ, ಕಲ್ಲುಬೆಂಚು, ಜೋಕಾಲಿ ಎಲ್ಲ ಸಿದ್ಧವಾಗಿ ನಾಲ್ಕು ವರ್ಷವಾಗಿತ್ತು. ಉದ್ಘಾಟನೆ ಆಗಿರಲಿಲ್ಲ, ಅದಕ್ಕೇ ಬೀಗ. ಮಂಟಯ್ಯನವರು ಮೂರು ಸಲ ತಾವೇ ಕರಡು ತಿದ್ದಿ ಆಹ್ವಾನಪತ್ರಿಕೆ ಮಾಡಿಸಿದ್ದರು. ಮೂರು ಸಲವೂ ಯಾರದೋ ಹೆಸರು ಯಾರದೋ ಕೆಳಗೆ ಬಂತೆಂದು ಮುನಿಸಾಗಿ ಸಮಾರಂಭ ನಿಂತುಹೋಗಿತ್ತು. ಅಷ್ಟರಲ್ಲಿ ಜೋಕಾಲಿಯ ಮೇಲೆ ಬಳ್ಳಿ ಹಬ್ಬಿ, ಅದು ಹೂವೂ ಬಿಟ್ಟಿತ್ತು.

ಹೊಸ ಅಧ್ಯಕ್ಷರು ಆಹ್ವಾನಪತ್ರಿಕೆಯ ಗೊಡವೆಗೆ ಹೋಗಲಿಲ್ಲ. ಜೂನ್ ಎರಡನೇ ವಾರದಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಬೀಗದ ಕೈ ಇದ್ದ ಸರ್ಕಾರಿ ಕಚೇರಿಗೆ ಹೋಗಿ, ವಿಭಾಗದ ಮೇಲ್ವಿಚಾರಕಿ ಪ್ರೇಮಲೀಲಾ ಅವರ ಮೇಜಿನ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದರು. “ಏನ್ರೀ?” ಎಂದರೆ, “ನೇಸರ ಬಡಾವಣೆ, ಪಾರ್ಕು.” ಆಮೇಲೆ ಮಾತಿಲ್ಲ. ಒಂದು ಗಂಟೆಗೆ ಬುತ್ತಿ ಬಿಚ್ಚಿ ಉಂಡು, ಬೆಂಚು ಒರೆಸಿ, ಐದೂವರೆಗೆ ಕೈಮುಗಿದು ಹೊರಡುವುದು.

ಜುಲೈ ಕೊನೆಯ ಒಂದು ಶುಕ್ರವಾರ ಸಂಘಮಿತ್ರ ಇದನ್ನೆಲ್ಲ ಬರೆಯೋಣವೆಂದು ಆ ಕಚೇರಿಗೆ ಹೋದಳು. ಬೆಂಚಿನ ಮೇಲೆ ಇಬ್ಬರಿದ್ದರು. ಏಕಾಂತಯ್ಯನವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದವರು ಅವಳ ಅಪ್ಪ. ಯಾದವಗಿರಿಯಲ್ಲಿರುವ ಸ್ನೇಹಿತನಿಗೆ ಮೈ ಸರಿಯಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಒಂದು ತಿಂಗಳಿಂದ ಮನೆಯಲ್ಲಿ ಹೇಳುತ್ತಿದ್ದವರು!

“ಯಾದವಗಿರಿ ಸ್ನೇಹಿತರು ಎಂಗವ್ರೆ ಅಪ್ಪ?”

ಮಂಟಯ್ಯನವರು ಕೆಮ್ಮಿದರು. “ಪರ್ವಾಗಿಲ್ಲ ಕಣವ್ವ. ದಾರೀಲಿ ಅಂಗೇ ಬಂದೆ. ನಮ್ ಬಡಾವಣೆ ಅಧ್ಯಕ್ಷರು ಒಬ್ರೇ ಕೂತವ್ರಲ್ಲ, ನೋಡ್ದೋರು ಏನಂತಾರೆ? ಬೆನ್ನಿಂದೆ ಯಾರೂ ಇಲ್ಲ ಅನ್ಕಳಕಿಲ್ವಾ?”

ಏಕಾಂತಯ್ಯನವರು ತಮ್ಮ ಬುತ್ತಿಯ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ ಅವಳ ಕಡೆಗೂ ಚಾಚಿದರು. ಪ್ರೇಮಲೀಲಾ ಅವರ ಮೇಜಿನ ಫ್ಯಾನು ಬೆಂಚಿನ ಕಡೆಗೇ ತಿರುಗಿರುವುದನ್ನು ಅವಳು ಆಗ ಗಮನಿಸಿದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ ಪಾತ್ರೆ ಉಜ್ಜುತ್ತಲೇ, “ಗೊತ್ತು ಬುಡು. ಕಾಯಿಲೆ ನೋಡಕ್ಕೋಗೋರು ಯಾರಾದ್ರೂ ಬುತ್ತಿ ತಗಂಡೋಗ್ತಾರಾ? ನಾನೇ ಎರಡಾಳಿನ ಪಲ್ಯ ಆಕ್ಕೊಡ್ತಿಲ್ವಾ?” ಎಂದರು.

ಆಗಸ್ಟ್ ಮುಗಿಯುತ್ತ ಬಂತು. ಗಣೇಶನ ಹಬ್ಬದ ರಜೆ ಕಳೆಯಿತು. ಮೂವತ್ತನೇ ತಾರೀಕು, ಐದನೇ ಶನಿವಾರ, ಕಚೇರಿ ಇತ್ತು. ಮೂರು ತಿಂಗಳಿಗೆ ಉಳಿದದ್ದು ಎರಡೇ ದಿನ ಎಂದು ಬೆಂಚಿನ ಮೇಲಿನ ಇಬ್ಬರೂ ಅಂದು ಮಂಗಳವಾರ ಶುಕ್ರವಾರ ನೋಡದೆ ಹೋಗಿ ಕೂತರು. ಮಧ್ಯಾಹ್ನ ಮೂರಕ್ಕೆ ಪ್ರೇಮಲೀಲಾ ಅವರು ಹಬ್ಬದಲ್ಲಿ ಮಾಡಿದ ಚಕ್ಕುಲಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೇಳಿದರು: “ಅಯ್ಯಾ, ನಿಮ್ಮನ್ನ ನೋಡಿ ನೋಡಿ ನನಗೇ ನಾಚಿಕೆ ಆಗ್ತಿದೆ ಕಣ್ರೀ. ಉದ್ಘಾಟನೆ ಯಾವಾಗಾದ್ರೂ ಆಗ್ಲಿ. ಗಿಡಕ್ಕೆ ನೀರು ಹಾಕೋಕೆ ಅಂತ ಒಂದು ಅರ್ಜಿ ಬರ್ಕೊಡಿ, ಬೀಗದ ಕೈ ಕೊಟ್‌ಬಿಡ್ತೀನಿ. ಸಾಹೇಬರು ನಾಲ್ಕೂವರೆ ತನಕ ಇರ್ತಾರೆ, ಸಹಿ ಮಾಡಿಸ್ತೀನಿ.”

ಏಕಾಂತಯ್ಯನವರು ಎರಡು ಸಾಲಿನ ಅರ್ಜಿ ಬರೆದರು. ಕೊಟ್ಟಿದ್ದರೆ ಮುಗಿಯುತ್ತಿತ್ತು. ಮಂಟಯ್ಯನವರು ಅದನ್ನು ಈಸಿಕೊಂಡು ಓದಿದರು. ನಲವತ್ತು ವರ್ಷದ ಅಭ್ಯಾಸ, ತಿದ್ದದ ಕರಡು ಅವರ ಕೈ ದಾಟಿ ಹೋದದ್ದೇ ಇಲ್ಲ. ವಿಷಯ ಎಂಬುದಕ್ಕೆ ಅಡಿಗೆರೆ ಇಲ್ಲ. ಅಂಚು ಬಿಟ್ಟಿಲ್ಲ. ಹೊಸ ಹಾಳೆ ತರಿಸಿ ಬರೆದರು. ಎರಡನೆಯದರಲ್ಲಿ ಒಂದು ಕಡೆ ಮಸಿ ಸೋರಿತು. ಮೂರನೆಯದು ಮುತ್ತಿನಂತೆ ಬಂತು. ತೆಗೆದುಕೊಂಡು ಎದ್ದಾಗ ಸಾಹೇಬರ ಜೀಪು ಕಚೇರಿಯ ಗೇಟು ದಾಟುತ್ತಿತ್ತು.

ಭಾನುವಾರ ರಜೆ. ಸೋಮವಾರ, ಸೆಪ್ಟೆಂಬರ್ ಒಂದರಂದು ಬೆಳಿಗ್ಗೆ ಹನ್ನೊಂದಕ್ಕೆ ಸಹಿ ಬಿತ್ತು, ಹನ್ನೆರಡಕ್ಕೆ ಪಾರ್ಕಿನ ಗೇಟು ಕಿರುಗುಟ್ಟುತ್ತ ತೆರೆಯಿತು. ಅರ್ಧ ಬಡಾವಣೆ ಅಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ತಂದೆ ಮಗಳು ಮಾತ್ರ ಗೇಟಿನ ಬಳಿಯೇ ಜಗಳಕ್ಕೆ ನಿಂತರು.

“ನೀನೇ ಗೆದ್ದೆ ಕಣವ್ವ.”

“ಇಲ್ಲ ಅಪ್ಪ. ಮೂರು ತಿಂಗಳು ನಿನ್ನೆಗೆ ಮುಗೀತು. ನೀವೇ ಗೆದ್ರಿ.”

“ನಿನ್ನೆ ಭಾನುವಾರ ಅಲ್ವಾ? ಕೊನೇ ದಿವ್ಸ ರಜಾ ಬಂದ್ರೆ ಮಾರನೇ ದಿವ್ಸ ಲೆಕ್ಕ. ಸರ್ಕಾರದ್ ಕಾನೂನೇ ಅಂಗದೆ, ಬೇಕಾದ್ರೆ ಕೇಳು.”

“ನೀವು ಹೇಳಿದ್ದು ಮೂರು ತಿಂಗಳು, ಅಷ್ಟೆ. ರಜೆ ಮಾತು ಎತ್ತಲಿಲ್ಲ.”

“ಅಯ್ಯೋ, ನನ್ ಅರ್ಜಿ ದೆಸೆಯಿಂದ ಒಂದಿನ ತಡ ಆಯ್ತು ಮಗಾ!” ಮಂಟಯ್ಯನವರ ದನಿ ಇಳಿಯಿತು. “ಬೇಕು ಅಂತ ಮಾಡಿದ್ದಲ್ಲ ಕಣವ್ವ. ಜನ ನೋಡಿದ್ರೆ ಏನಂದ್ಕತಾರೆ? ಮಗಳ್ನ ಸೋಲ್ಸಕ್ಕೆ ಮುದುಕ ಅಂಚು ಬುಟ್ಟು ಬರೀತಾ ಕೂತ ಅನ್ನಕಿಲ್ವಾ?”

ಆ ರಾತ್ರಿಯವರೆಗೂ ಕಾಯದೆ ಸಂಘಮಿತ್ರ ಸಂಜೆಯೇ ಬರೆಯಲು ಕೂತಳು. ಸುಮ್ಮನೆ ‘ಚೀಟಿ ಗೆದ್ದಿತು’ ಎಂದು ಬರೆಯಬಹುದಿತ್ತು. ಗೇಟು ತೆರೆದಿರುವುದು ಸುಳ್ಳಲ್ಲ, ಅಪ್ಪನ ಅಪ್ಪಣೆಯೂ ಇತ್ತು. ಆದರೆ ನಡೆಯದ ಸಭೆಯ ವರದಿ ಒಮ್ಮೆ ಬರೆದಾಗಿತ್ತು, ಇನ್ನೊಂದು ಬೇಡವೆನ್ನಿಸಿತು. ‘ನಾನು ಸೋತೆ’ ಎಂದು ಮೇಲೆ ಹಾಕಿ, ಇದ್ದದ್ದನ್ನು ಇದ್ದಂತೆ ಬರೆದಳು: ‘ಚೀಟಿಯಿಂದ ಅಧ್ಯಕ್ಷರು ಬಂದರು. ಆದರೆ ಅವರ ಪಕ್ಕದಲ್ಲಿ ಹೋಗಿ ಕೂತ ಮಾಜಿ ಅಧ್ಯಕ್ಷರನ್ನು ಯಾವ ಚೀಟಿಯೂ ಎತ್ತಿ ಕೊಟ್ಟಿರಲಿಲ್ಲ. ಅವರನ್ನು ನನ್ನ ಲೆಕ್ಕದಲ್ಲಿ ಎಲ್ಲಿ ಸೇರಿಸಬೇಕೋ ನನಗೆ ಗೊತ್ತಿಲ್ಲ. ಒಂದು ದಿನ ತಡವಾಯಿತು, ಒಪ್ಪಂದದಂತೆ ಇನ್ನು ಚೀಟಿಯ ಮಾತೆತ್ತುವುದಿಲ್ಲ.’

ಅರ್ಜಿಯ ಅಂಚಿನ ವಿಚಾರ ಅವಳು ಬರೆಯಲಿಲ್ಲ. ತಡಕ್ಕೆ ಕಾರಣ ‘ಅನಿವಾರ್ಯ’ ಎಂದಷ್ಟೇ ಹಾಕಿದಳು. ಅಪ್ಪನ ಮಟ್ಟಿಗೆ ಅದು ನಿಜವೇ ಆಗಿತ್ತು.

ಓದುಗರು ಎಂದಿನಂತೆ ಇಬ್ಭಾಗವಾಗಿ ಕಿತ್ತಾಡಿದರು. ಅವರ ನಡುವೆ ‘ಮಂಟಯ್ಯ, ನೇಸರ ಬಡಾವಣೆ’ ಎಂಬ ಹೆಸರಿನಲ್ಲಿ ಒಂದು ಉದ್ದನೆಯ ಟೀಕೆ ಬಂತು. ಲೇಖಕಿಯು ದಿನಗಳನ್ನು ಎಣಿಸುವಲ್ಲಿ ಎಡವಿದ್ದಾರೆಂದೂ, ಅವರ ಸೋಲನ್ನು ಈ ಮೂಲಕ ತಿರಸ್ಕರಿಸಲಾಗಿದೆಯೆಂದೂ ಅದರಲ್ಲಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮನ ಫೋನು ಹಿಡಿದು ಒಂದೊಂದೇ ಅಕ್ಷರ ಒತ್ತುತ್ತಿದ್ದವರು ಯಾರೆಂದು ಅವಳಿಗೆ ಆಗ ತಿಳಿಯಿತು.

ಮಾರನೆಯ ದಿನ ಬೆಳಿಗ್ಗೆ ಅವಳು ಮುಖ ಸಪ್ಪಗೆ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದಾಗ ಅಪ್ಪ ಅಂಗಿಯ ಗುಂಡಿ ಹಾಕುತ್ತ ಬಂದರು.

“ಸೋತೆ ಸೋತೆ ಅಂತೀಯಲ್ಲ, ಸೋತೋರು ಆಮೇಲ್ ಏನ್ ಮಾಡ್ಬೇಕು ಗೊತ್ತಾ?”

“ಏನು?”

“ಗೆದ್ದೋರ ಜೊತೆ ಕಚೇರಿಗೋಗ್ಬೇಕು. ನಾನೂ ಅದನ್ನೇ ಮಾಡಿದ್ದು. ಪಾರ್ಕ್ ನಲ್ಲೀಲಿ ನೀರು ಬರ್ತಿಲ್ಲ. ಇವತ್ತು ಮಂಗಳವಾರ. ಏಳು.”

“ಗೆದ್ದೋರು ಯಾರು ಅನ್ನೋದೇ ತೀರ್ಮಾನ ಆಗಿಲ್ವಲ್ಲ ಅಪ್ಪ!”

“ಬಸ್ಸಲ್ಲಿ ತೀರ್ಮಾನ ಮಾಡ್ಕಳವ, ನಡಿ.”

ಪುಟ್ಟಲಿಂಗಮ್ಮ ಬುತ್ತಿಗೆ ಇನ್ನೊಂದು ಡಬ್ಬಿ ಸೇರಿಸಿದರು. ಬಸ್ ನಿಲ್ದಾಣದಲ್ಲಿ ಏಕಾಂತಯ್ಯನವರು ಆಗಲೇ ಬಂದು ನಿಂತಿದ್ದರು. ಮೂವರನ್ನು ಹತ್ತಿಸಿಕೊಂಡು ಬಸ್ಸು ಹೊರಟಿತು. ಕಿಟಕಿಯ ಪಕ್ಕದ ಜಾಗ ಹಿಡಿದಿದ್ದ ಅಧ್ಯಕ್ಷರು ಎದ್ದು ಸಂಘಮಿತ್ರಳನ್ನು ಅಲ್ಲಿ ಕೂರಿಸಿ, ಕಂಡಕ್ಟರಿಗೆ ಎರಡು ಬೆರಳು ತೋರಿಸಿದರು. “ಎರಡು. ಅಮ್ಮನೋರ್ದು ಫ್ರೀ” ಎಂದರು.

ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದನ್ನು ಮಂಟಯ್ಯನವರು ಮೂರು ತಿಂಗಳಲ್ಲಿ ಕೇಳಿರಲಿಲ್ಲ.